ನಿಮಗಿದು ಗೊತ್ತೆ? ಬೆಳಕಿನ ಎಡ–ಬಲ ಬಲ್ಲ ಹರಳು

ಬೆಳಕಿಗೂ ಎಡ–ಬಲ ಉಂಟು. ಕೆಲವು ಅಲೆಗಳು ಸಾಗುತ್ತಾ ಎಡಕ್ಕೆ ಸುತ್ತುತ್ತವೆ, ಕೆಲವು ಬಲಕ್ಕೆ. ಕ್ಯಾಮೆರಾದ ಸಿಲಿಕಾನ್‌ಗೆ ಈ ವ್ಯತ್ಯಾಸ ತಿಳಿಯದು. ಅದರ ಮುಂದೆ ವಿಶೇಷ ಫಿಲ್ಟರುಗಳನ್ನು ಇಡಬೇಕು. ಆದರೆ ಕೈರಲ್ ಪೆರೋವ್‌ಸ್ಕೈಟ್ ಎಂಬ ಹರಳಿಗೆ ಅವು ಬೇಡ. ಸೀಸ ಮತ್ತು ಅಯೋಡಿನ್ ಪದರಗಳ ನಡುವೆ ಸಾವಯವ ಅಣುಗಳನ್ನು ಸೇರಿಸಿ ಇದನ್ನು ಬೆಳೆಸುತ್ತಾರೆ. ಆ ಅಣುಗಳಲ್ಲಿ ಎಡಗೈ, ಬಲಗೈಗಳಂತೆ ಎರಡು ಬಗೆ. ಒಂದೇ ಬಗೆಯದನ್ನು ಹಾಕಿದರೆ ಹರಳಿನ ಪದರಗಳೂ ಅದಕ್ಕೆ ತಕ್ಕಂತೆ ತಿರುಚಿಕೊಂಡು, ಒಂದು ದಿಕ್ಕಿಗೆ ಸುತ್ತುವ ಬೆಳಕನ್ನು ಹೆಚ್ಚು ಹೀರುತ್ತವೆ. ಸೀಸ, ಅಯೋಡಿನ್ ಭಾರವಾದ ಧಾತುಗಳಾದ್ದರಿಂದ ಈ ಹರಳು ಎಕ್ಸ್–ರೇಯನ್ನೂ ಚೆನ್ನಾಗಿ ತಡೆದು ವಿದ್ಯುತ್ ಸಂಕೇತವಾಗಿಸುತ್ತದೆ.

ತೊಡಕಿರುವುದು ಬ್ಯಾಂಡ್‌ಗ್ಯಾಪ್‌ನಲ್ಲಿ, ಅಂದರೆ ಎಲೆಕ್ಟ್ರಾನನ್ನು ಬಿಡಿಸಲು ಬೇಕಾದ ಶಕ್ತಿಯಲ್ಲಿ. ಸಿಲಿಕಾನ್‌ಗೆ ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್ ಸಾಕು. ಪದರಪದರವಾದ ಈ ಹರಳುಗಳಿಗೆ ಸಾಮಾನ್ಯವಾಗಿ 2ಕ್ಕೂ ಹೆಚ್ಚು ಬೇಕು. ಹಾಗಾಗಿ ಇನ್‌ಫ್ರಾರೆಡ್ ಬೆಳಕು ಅವಕ್ಕೆ ಕಾಣದು. ಸೀಸದ ಜಾಗದಲ್ಲಿ ತವರ ಬಂದರೆ ಈ ಶಕ್ತಿಯ ಅಂತರ ಕಿರಿದಾಗುತ್ತದೆ. ಕಿರಿದಾದರೆ ಕತ್ತಲಲ್ಲೂ ಬರೀ ಶಾಖದಿಂದ ಪ್ರವಾಹ ಸೋರಿ ಸಂಕೇತ ಮಸುಕಾಗದೆ? ಆಕ್ಷೇಪ ನ್ಯಾಯವಾದದ್ದೇ. ಆದರೆ ಅಂತರ ಕಿರಿದಾದಷ್ಟೂ ಒಂದು ಎಕ್ಸ್–ರೇ ಕಣ ಬಿಡಿಸುವ ಎಲೆಕ್ಟ್ರಾನುಗಳು ಹೆಚ್ಚುತ್ತವೆ. ಪದರಗಳ ನಡುವಿನ ಸಾವಯವ ಅಣುಗಳು ಸೋರಿಕೆಗೆ ಅಡ್ಡ ನಿಲ್ಲುತ್ತವೆ. ಸೋರಿಕೆಗಿಂತ ದೊಡ್ಡ ಸಮಸ್ಯೆ ತವರದ್ದೇ: ಗಾಳಿಯ ಆಮ್ಲಜನಕ ತಾಗಿದರೆ ಅದು ಬೇಗ ಕೆಡುತ್ತದೆ. ಅದನ್ನು ಗೆಲ್ಲುವವರೆಗೆ ತವರದ ಹರಳಿನ ಜಾಗ ಪ್ರಯೋಗಾಲಯವೇ.