ಕಾರಿನ ಬಣ್ಣ ಬಾಳುವ ಬಗೆ

ಒಂದು ಕಾಲಕ್ಕೆ ಊರಿಗೆ ಒಂದೋ ಎರಡೋ ಎನ್ನುವಂತಿದ್ದ ಕಾರು ಇಂದು ನಮ್ಮ ಸಮಾಜದ ಸಾಮಾನ್ಯ ಕುಟುಂಬಗಳ ಅಂಗಳದಲ್ಲಿಯೂ ನಿಂತಿದೆ. ಎತ್ತುಗಳ ಮೈ ತೊಳೆದು, ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದ ಹಿರಿಯರ ಮಕ್ಕಳು ಮೊಮ್ಮಕ್ಕಳು ಈಗ ಬ್ಯಾಂಕಿನ ಸಾಲದಲ್ಲಿ ಕಾರು ಕೊಂಡು ತಿಂಗಳು ತಿಂಗಳೂ ಕಂತು ಕಟ್ಟುತ್ತಿದ್ದಾರೆ. ಎಂಜಿನ್ನಿನ ಎಣ್ಣೆಯನ್ನು ಕಾಲಕಾಲಕ್ಕೆ ಬದಲಾಯಿಸಬೇಕು, ಚಕ್ರಗಳಿಗೆ ಗಾಳಿ ತುಂಬಿಸಬೇಕು ಎಂಬುದು ಎಲ್ಲರಿಗೂ ತಿಳಿದಿದೆ. ಬಣ್ಣದ ವಿಷಯದಲ್ಲಿ ಮಾತ್ರ ದಿನಾಲೂ ಒರೆಸಿದರೆ ಸಾಕೆಂಬ ಭಾವನೆ ಬಹುಮಟ್ಟಿಗೆ ಮನೆಮಾಡಿಕೊಂಡಿದೆ. ಈ ಒರೆಸುವಿಕೆಯೇ ಬಣ್ಣದ ಮೊದಲ ವೈರಿ ಎಂಬುದನ್ನು ನಾವು ನಮ್ಮ ಮನೆಯಲ್ಲಿಯೇ ಕಂಡುಕೊಂಡೆವು.

ನಮ್ಮ ಮನೆಯ ಹಿರಿಯರು ನಿವೃತ್ತ ಶಿಕ್ಷಕರು. ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುನ್ನವೇ ಒಂದು ಒಣಬಟ್ಟೆ ಹಿಡಿದು ಅಂಗಳಕ್ಕಿಳಿಯುವುದು ಅವರ ನಿತ್ಯದ ಕಾಯಕವಾಗಿತ್ತು. ಕಡುನೀಲಿ ಬಣ್ಣದ ಆ ಕಾರಿನ ಮೇಲೆ ಒಂದು ಕಣ ಧೂಳು ಕೂಡುವುದನ್ನೂ ಅವರು ಸಹಿಸುತ್ತಿರಲಿಲ್ಲ. ಮೂರನೆಯ ವರ್ಷ ಬಾನೆಟ್ಟಿನ ಮೇಲೆ ಬೆಳಗಿನ ಬಿಸಿಲು ಬಿದ್ದಾಗ ಜೇಡರ ಬಲೆಯಂತೆ ಸುತ್ತುಸುತ್ತಾದ ಸಾವಿರಾರು ಗೆರೆಗಳು ಹೊಳೆಯತೊಡಗಿದವು. ಬಿಸಿಲಿಗೆ ಬಣ್ಣ ಕೆಟ್ಟಿತೆಂದು ಭಾವಿಸಿ, ಬಣ್ಣದ ಕೆಲಸದಲ್ಲಿ ನುರಿತ ಒಬ್ಬ ಕುಶಲಕರ್ಮಿಯಲ್ಲಿಗೆ ಕೊಂಡೊಯ್ದೆವು. ಅವರು ಬಾನೆಟ್ಟನ್ನು ಓರೆಗಣ್ಣಿನಿಂದ ನೋಡಿ, "ಇದು ಬಿಸಿಲಿನ ಕೆಲಸವಲ್ಲ, ಕೈಯ ಕೆಲಸ" ಎಂದುಬಿಟ್ಟರು. ಪಕ್ಕದಲ್ಲಿಯೇ ನಿಂತಿದ್ದ ಹಿರಿಯರು ಮನೆ ತಲುಪುವವರೆಗೆ ಒಂದು ಮಾತನ್ನೂ ಆಡಲಿಲ್ಲ. ಮುಂದಿನ ಎಂಟು ದಿನ ಕಾರಿನ ಹತ್ತಿರವೂ ಸುಳಿಯಲಿಲ್ಲ. ಅಷ್ಟು ಅಕ್ಕರೆಯಿಂದ ಮಾಡಿದ ಸೇವೆಯೇ ಹಾನಿ ಮಾಡಿತೆಂದರೆ ಯಾರ ಮನಸ್ಸಿಗಾದರೂ ನೋವಾಗದಿರದು.

ಹೀಗೇಕೆ ಆಯಿತೆಂಬುದನ್ನು ಅರಿಯಲು ಬಣ್ಣದ ರಚನೆಯನ್ನು ತುಸು ತಿಳಿಯಬೇಕು. ಕಾರ್ಖಾನೆಯಲ್ಲಿ ತಗಡಿಗೆ ಮೊದಲು ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ಕಣ್ಣಿಗೆ ಕಾಣುವ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತೆ ತಿಳಿಯಾದ ಒಂದು ಪದರ ಕೂಡುತ್ತವೆ. ಇವೆಲ್ಲವೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಅಂದರೆ ಮಿಲಿಮೀಟರಿನ ಆರನೆಯ ಒಂದು ಭಾಗವನ್ನೂ ಮೀರದು. ಅದರಲ್ಲಿ ಮೇಲಿನ ತಿಳಿಪದರವು 40-50 ಮೈಕ್ರಾನ್ ಮಾತ್ರ, ತಲೆಗೂದಲಿಗಿಂತಲೂ ತೆಳು. ಹೊಳಪು ಕೊಡುವುದೂ ಇದೇ, ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿ ಕೆಳಗಿನ ಬಣ್ಣವನ್ನು ಕಾಯುವುದೂ ಇದೇ. ನಮ್ಮ ರಸ್ತೆಗಳ ಧೂಳಿನಲ್ಲಿ ಮರಳಿನ ಸೂಕ್ಷ್ಮ ಕಣಗಳಿರುತ್ತವೆ. ಅವು ಬಣ್ಣಕ್ಕಿಂತ ಎಷ್ಟೋ ಗಟ್ಟಿ. ಒಣಬಟ್ಟೆಯಿಂದ ಒರೆಸುವುದೆಂದರೆ ಆ ಕಣಗಳನ್ನು ಬಟ್ಟೆಯಡಿ ಒತ್ತಿ ಎಳೆದಂತೆ. ಉದ್ದನೆಯ ಹಿಡಿಕೆಯ ಧೂಳೊರೆಸುವ ಕುಂಚಗಳೂ ಇದಕ್ಕೆ ಹೊರತಲ್ಲ. ಧೂಳು ಸುಮ್ಮನೆ ಕುಳಿತಿದ್ದರೆ ಕಾರು ಮಾಸಿದಂತೆ ಕಾಣುತ್ತದೆಯೇ ಹೊರತು ಹಾನಿಯೇನೂ ಆಗದು. ಉಜ್ಜಿದಾಗಲೇ ಹಾನಿ. ಈ ಒಂದು ಮಾತನ್ನು ಒಪ್ಪಿಕೊಳ್ಳಲು ನಮ್ಮ ಮನೆಯಲ್ಲಿ ಬಹಳ ದಿನ ಹಿಡಿಯಿತು.

ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳನ್ನು ಅಭಿಮಾನದಿಂದ ಉಳಿಸಿಕೊಂಡವರು ಒಂದು ಸಂಗತಿಯನ್ನು ಗಮನಿಸಬೇಕು. ಆ ಕಾಲದ ಬಣ್ಣದ ಮೇಲೆ ಪ್ರತ್ಯೇಕ ತಿಳಿಪದರ ಇರುತ್ತಿರಲಿಲ್ಲ. ಪಾಲಿಷ್ ಮಾಡುವಾಗ ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಅದು ಅಂಥದ್ದೆಂದು ತಿಳಿಯಬೇಕು. ಅಲ್ಲಿ ಕೈ ಇನ್ನಷ್ಟು ಹಗುರವಾಗಿರಲಿ.

ಇನ್ನು ತೊಳೆಯುವ ಕ್ರಮ. ಎರಡು ಬಕೆಟ್ಟುಗಳು ಬೇಕು. ಒಂದರಲ್ಲಿ ಕಾರಿಗೆಂದೇ ದೊರೆಯುವ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಬಟ್ಟೆ ಒಗೆಯುವ ಪುಡಿಯಾಗಲಿ, ಪಾತ್ರೆ ತೊಳೆಯುವ ಸಾಬೂನಾಗಲಿ ಸಲ್ಲದು. ಜಿಡ್ಡು ತೆಗೆಯಲೆಂದೇ ಮಾಡಿದ ಅವು ಬಣ್ಣದ ಮೇಲಿನ ಮೇಣವನ್ನೂ ತೆಗೆದುಬಿಡುತ್ತವೆ. ಕಾರು ನೆರಳಿನಲ್ಲಿರಬೇಕು, ತಗಡು ಕೈಗೆ ತಣ್ಣಗೆ ಹತ್ತಬೇಕು. ಮೊದಲು ನೀರು ಸುರಿದು ಸಡಿಲವಾದ ಧೂಳನ್ನೆಲ್ಲ ಇಳಿಸಿ, ಆಮೇಲೆ ಮೈಕ್ರೋಫೈಬರ್ ಬಟ್ಟೆಯನ್ನು ಶಾಂಪೂ ನೀರಿನಲ್ಲಿ ಅದ್ದಿ ಚಾವಣಿಯಿಂದ ಆರಂಭಿಸಿ ಕೆಳಕ್ಕೆ ಬರಬೇಕು. ಪ್ರತಿಯೊಂದು ಭಾಗ ಮುಗಿದಾಗಲೂ ಬಟ್ಟೆಯನ್ನು ಬರಿಯ ನೀರಿನಲ್ಲಿ ಜಾಲಿಸಿ, ಹಿಂಡಿ, ಮತ್ತೆ ಶಾಂಪೂವಿಗೆ ಅದ್ದಬೇಕು. ಎರಡನೆಯ ಬಕೆಟ್ಟಿನ ತಳದಲ್ಲಿ ಕೊನೆಗೆ ಕೂಡುವ ಕೆಸರನ್ನು ನೋಡಿದವರಿಗೆ ಇದರ ಅಗತ್ಯವನ್ನು ಬೇರೆ ಹೇಳಬೇಕಿಲ್ಲ. ಚಕ್ರಗಳಿಗೆ ಬೇರೆ ಬಟ್ಟೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಅಂದು ಮತ್ತೆ ಮುಟ್ಟಬಾರದು. ಕೊನೆಗೆ ಒಣಗಿದ ದಪ್ಪ ಮೈಕ್ರೋಫೈಬರ್ ಟವೆಲ್ಲನ್ನು ಹಾಸಿ, ಒತ್ತಿ, ನೀರನ್ನು ಹೀರಿಸಬೇಕೇ ಹೊರತು ಉಜ್ಜಬಾರದು. ಹಳೆಯ ಬನಿಯನ್ನುಗಳಿಗೆ ಕಾರು ಒರೆಸುವ ಕೆಲಸದಿಂದ ಇನ್ನಾದರೂ ನಿವೃತ್ತಿ ದೊರೆಯಲಿ!

ಕೊಳವೆಬಾವಿಯ ನೀರನ್ನು ಬಳಸುವವರು ಒರೆಸುವ ಈ ಕೊನೆಯ ಹಂತವನ್ನು ಬಿಡಲೇಬಾರದು. ನಮ್ಮ ಬಯಲುಸೀಮೆಯ ಗಡಸು ನೀರಿನಲ್ಲಿ ಸುಣ್ಣ ಮತ್ತು ಮೆಗ್ನೀಸಿಯಮ್ ಲವಣಗಳು ಹೇರಳ. ನೀರು ತಾನಾಗಿ ಆರಿದರೆ ಅವು ಬಿಳಿಯ ಉಂಗುರಗಳಾಗಿ ಉಳಿದು, ದಿನಗಳೆದಂತೆ ಪದರವನ್ನು ಕಚ್ಚುತ್ತವೆ. ಹೊಸದಾಗಿ ಮೂಡಿದ ಉಂಗುರಗಳನ್ನು ವಿನೆಗರ್‌ಗೆ ಸಮನಾಗಿ ನೀರು ಬೆರೆಸಿ ಹಗುರವಾಗಿ ತೀಡಿ, ಒಡನೆಯೇ ನೀರಿನಿಂದ ತೊಳೆದರೆ ಹೋಗುತ್ತವೆ.

ಯುಗಾದಿಯಿಂದ ಆರಂಭವಾಗುವ ಬೇಸಿಗೆಯೇ ಬಣ್ಣಕ್ಕೆ ಕಠಿಣವಾದ ಕಾಲ. ಕಲಬುರಗಿ, ರಾಯಚೂರು, ವಿಜಯಪುರಗಳ ಬಿಸಿಲಿನಲ್ಲಿ ಕಡುಬಣ್ಣದ ತಗಡಿನ ಕಾವು 60 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಆ ಕಾವಿಗೆ ತಿಳಿಪದರ ತುಸು ಮೆತ್ತಗಾಗುತ್ತದೆ. ಆಗ ಬಿದ್ದ ಹಕ್ಕಿಯ ಹಿಕ್ಕೆ ಒಂದೇ ದಿನದಲ್ಲಿ ಮಾಸದ ಗುರುತನ್ನು ಬಿಡಬಲ್ಲುದು. ಧೂಳು ಹದಿನೈದು ದಿನ ಕಾದೀತು, ಹಿಕ್ಕೆ ಸಂಜೆಯವರೆಗೂ ಕಾಯದು. ಒದ್ದೆಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಸಿ, ನೆನೆದ ಮೇಲೆ ಎತ್ತಿ ತೆಗೆಯಬೇಕು.

ಬೇಸಿಗೆಯಲ್ಲಿಯೇ ನೀರಿನ ಅಭಾವವೂ ಇರುತ್ತದೆ. 2024ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ವಿಧಿಸಿದ್ದನ್ನು ಓದುಗ ಬಾಂಧವರು ಮರೆತಿರಲಾರರು. ಕೊಳಾಯಿಗೆ ಪೈಪು ಸಿಕ್ಕಿಸಿ ಅರ್ಧ ಗಂಟೆ ನೀರು ಹರಿಸುವುದು ಬರದ ನಾಡಿನಲ್ಲಿ ಶೋಭಿಸುವ ಕೆಲಸವಲ್ಲ. ಮೇಲೆ ಹೇಳಿದ ಎರಡು ಬಕೆಟ್ಟಿನ ಕ್ರಮಕ್ಕೆ, ಮೊದಲೂ ಕೊನೆಗೂ ತಂಬಿಗೆಯಿಂದ ಸುರಿಯುವ ನೀರೂ ಸೇರಿ, ನಮ್ಮ ಮನೆಯಲ್ಲಿ ನಾಲ್ಕು ಬಕೆಟ್ ಸಾಕಾಗುತ್ತದೆ. ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಎಂಬುದನ್ನು ಎರಡು ವಾರಕ್ಕೊಮ್ಮೆ ಮಾಡಿಕೊಂಡರೆ ಕಾರಿಗೇನೂ ಕೊರತೆಯಾಗದು.

ಚೈತ್ರ ವೈಶಾಖಗಳು ಮದುವೆಯ ಕಾಲವೂ ಹೌದು. ಮದುಮಕ್ಕಳ ಕಾರಿಗೆ ಹೂವಿನ ಹಾರಗಳನ್ನು ಅಂಟುಪಟ್ಟಿಯಿಂದ ಬಿಗಿದು, ಎರಡು ದಿನ ಬಿಸಿಲಿನಲ್ಲಿ ಬಿಟ್ಟರೆ ಅಂಟು ಬೆಂದು ಬಣ್ಣಕ್ಕೆ ಹಿಡಿಯುತ್ತದೆ. ಅದನ್ನು ಉಗುರಿನಿಂದಲೋ ಬ್ಲೇಡಿನಿಂದಲೋ ಕೆರೆಯದೆ, ಕೊಬ್ಬರಿ ಎಣ್ಣೆ ಸವರಿ ಕೆಲಹೊತ್ತು ಬಿಟ್ಟು, ಮೆಲ್ಲನೆ ತೀಡಿ, ಶಾಂಪೂವಿನಿಂದ ತೊಳೆಯಬೇಕು. ಬಸವ ಜಯಂತಿಯ ಮೆರವಣಿಗೆಗೆ ಬಾನೆಟ್ಟಿನ ಮೇಲೆ ಬಾವುಟ ಕಟ್ಟುವವರು ಅದರ ಬಟ್ಟೆ ಗಾಳಿಗೆ ಬಣ್ಣದ ಮೇಲೆ ಬಡಿಯದಷ್ಟು ಎತ್ತರಕ್ಕೆ ಕಟ್ಟುವುದು ಲೇಸು.

ಮುಂಗಾರಿಗೆ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು, ಕಲ್ಲು ಸಿಡಿದು ಬಣ್ಣ ಹಾರಿದ ಚುಕ್ಕೆಗಳನ್ನು ಹುಡುಕಬೇಕು. ತಗಡು ಕಾಣುವಷ್ಟು ಆಳವಾಗಿದ್ದರೆ ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಿ ತುಕ್ಕು ಬೇರೂರಿರುತ್ತದೆ. ಪ್ರತಿ ಕಾರಿಗೂ ಬಣ್ಣದ ಸಂಕೇತಸಂಖ್ಯೆಯೊಂದಿರುತ್ತದೆ. ಅದನ್ನು ಹೇಳಿ ಸಣ್ಣ ಸೀಸೆ ಬಣ್ಣ ತಂದು, ತೆಳುವಾದ ಕುಂಚದಿಂದ ತುಂಬಿದರೆ ಸಾಕು. ಮಳೆಗಾಲದಲ್ಲಿ ಮೇಲ್ಮೈಗಿಂತ ಅಡಿಭಾಗದ ಚಿಂತೆಯೇ ಹೆಚ್ಚು. ಗದಗ, ಧಾರವಾಡ ಸೀಮೆಯ ಎರೆಮಣ್ಣು ಚಕ್ರದ ಗೂಡಿನೊಳಗೆ ಮೆತ್ತಿಕೊಂಡರೆ ವಾರಗಟ್ಟಲೆ ತೇವವನ್ನು ಹಿಡಿದಿಡುತ್ತದೆ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಹೊರಹೋಗಲು ಸಣ್ಣ ರಂಧ್ರಗಳಿವೆ. ಅವು ಕಟ್ಟಿಕೊಳ್ಳದಂತೆ ಕಡ್ಡಿಯಿಂದ ಬಿಡಿಸಬೇಕು. ಕಾರವಾರ, ಮಂಗಳೂರುಗಳಲ್ಲಿ ನೆಲಸಿರುವ ಬಂಧುಗಳಿಗೆ ಉಪ್ಪುಗಾಳಿಯ ಕಾಟ ವರ್ಷವಿಡೀ ಇರುವುದರಿಂದ ಅವರು ಅಡಿಭಾಗವನ್ನು ಸಿಹಿನೀರಿನಿಂದ ತೊಳೆಯುವುದನ್ನು ಬಿಡುವಂತಿಲ್ಲ. ಮಳೆಯಲ್ಲಿ ನೆಂದ ಹೊದಿಕೆಯನ್ನು ಕಾರಿನ ಮೇಲೆಯೇ ಬಿಡುವುದೂ, ಧೂಳು ಕುಳಿತ ಕಾರಿಗೆ ಹೊದಿಕೆ ಹಾಕುವುದೂ ತಪ್ಪು. ಮೊದಲನೆಯದು ತೇವವನ್ನು ಕೂಡಿಡುತ್ತದೆ, ಎರಡನೆಯದು ಗಾಳಿ ಬೀಸಿದಾಗ ಉಪ್ಪುಕಾಗದದಂತೆ ಉಜ್ಜುತ್ತದೆ.

ವರ್ಷದ ದೊಡ್ಡ ಕೆಲಸವನ್ನು ನಾವು ನವರಾತ್ರಿಗೆ ಒಂದು ವಾರ ಮುಂಚೆ, ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಇಟ್ಟುಕೊಂಡಿದ್ದೇವೆ. ತೊಳೆದು ಒಣಗಿಸಿದ ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಾನೆಟ್ಟನ್ನು ಸವರಿ ನೋಡಬೇಕು. ಬರಿಗೈಗೆ ತಿಳಿಯದ ಒರಟುತನ ಆಗ ತಿಳಿಯುತ್ತದೆ. ತೊಳೆದರೂ ಹೋಗದೆ ಕಚ್ಚಿಕೊಂಡ ಆ ಕಣಗಳನ್ನು ತೆಗೆಯಲು ಕ್ಲೇ ಎಂಬ ಮೆತ್ತನೆಯ ಮುದ್ದೆ ದೊರೆಯುತ್ತದೆ. ಶಾಂಪೂ ನೀರು ಚಿಮುಕಿಸುತ್ತ ಒತ್ತಡವಿಲ್ಲದೆ ಜಾರಿಸಬೇಕು.

ಪಾಲಿಷ್ ಮತ್ತು ಮೇಣ ಒಂದೇ ಎಂದು ತಿಳಿದವರು ಅನೇಕರು. ಇವೆರಡೂ ಪರಸ್ಪರ ವಿರುದ್ಧವಾದ ಕೆಲಸ ಮಾಡುತ್ತವೆ. ಪಾಲಿಷ್ ತಿಳಿಪದರವನ್ನು ತುಸು ಸವೆಸಿ ಗೆರೆಗಳನ್ನು ಸಮಮಾಡುತ್ತದೆ; ಯಂತ್ರದಿಂದ ಗಟ್ಟಿ ರಬ್ಬಿಂಗ್ ಕಾಂಪೌಂಡ್ ಹಾಕಿದರೆ ಒಮ್ಮೆಗೆ ಕೆಲವು ಮೈಕ್ರಾನ್ ಹೋಗುತ್ತದೆ. ಹೋದದ್ದು ಮರಳಿ ಬಾರದು. ಮೇಣವಾದರೋ ಏನನ್ನೂ ತೆಗೆಯದೆ ಮೇಲೊಂದು ಹೊದಿಕೆ ಹೊದಿಸುತ್ತದೆ. ಆದುದರಿಂದ ಪಾಲಿಷನ್ನು ವರ್ಷಕ್ಕೊಮ್ಮೆ, ಅದೂ ಅಗತ್ಯವಿದ್ದರೆ ಮಾತ್ರ ಮಾಡತಕ್ಕದ್ದು. ಬ್ರೆಜಿಲಿನ ತಾಳೆಜಾತಿಯ ಮರದ ಎಲೆಗಳಿಂದ ಬರುವ ಕಾರ್ನೌಬಾ ಮೇಣವು ನಮ್ಮ ಬಿಸಿಲಿಗೆ ಎರಡು ತಿಂಗಳು ನಿಂತರೆ ಹೆಚ್ಚು. ಕೃತಕ ಸೀಲೆಂಟುಗಳು ನಾಲ್ಕಾರು ತಿಂಗಳು ಬಾಳುತ್ತವೆ. ಈಗ ಬಹು ಪ್ರಚಾರದಲ್ಲಿರುವ ಸೆರಾಮಿಕ್ ಲೇಪವು ಇನ್ನೂ ಗಟ್ಟಿ, ವರ್ಷಗಳ ಕಾಲ ನಿಲ್ಲುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ. ಆದರೆ ಅದನ್ನು ಹಚ್ಚಿಸಿದ ಮೇಲೆ ತೊಳೆಯುವುದೇ ಬೇಡ, ಗೆರೆಯೇ ಬೀಳದು ಎಂಬ ಮಾರಾಟಗಾರರ ಮಾತನ್ನು ನಂಬಬಾರದು. ನಮ್ಮ ಮಟ್ಟಿಗೆ ನವರಾತ್ರಿಗೊಮ್ಮೆ, ಯುಗಾದಿಗೊಮ್ಮೆ ಸೀಲೆಂಟ್ ಹಚ್ಚುವುದೇ ಸಾಕಾಗಿದೆ.

ನವರಾತ್ರಿಗೆ ಮುಂಚೆಯೇ ಏಕೆಂದರೆ, ಮಹಾನವಮಿಯ ಆಯುಧಪೂಜೆ, ನಮ್ಮ ಕಡೆಯ ಮಾತಿನಲ್ಲಿ ಖಂಡೇಪೂಜೆಯ ದಿನ ಕಾರಿನ ಬಣ್ಣವು ಒಂದು ಪರೀಕ್ಷೆಗೆ ಒಳಗಾಗುತ್ತದೆ. ಬಾನೆಟ್ಟಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಧರಿಸದೆ ನಮ್ಮ ಮನೆಗಳಲ್ಲಿ ಪೂಜೆ ಪೂರ್ಣವಾಗದು. ವಿಭೂತಿಯು ಸುಟ್ಟ ಸಗಣಿಯ ಬೂದಿಯಾದುದರಿಂದ ಅದರಲ್ಲಿ ಮರಳಿನಂಶವೂ ಕ್ಷಾರವೂ ಇರುತ್ತವೆ. ಮರುದಿನ ಅದನ್ನು ಒಣಬಟ್ಟೆಯಿಂದ ಉಜ್ಜಿ ತೆಗೆದರೆ ಮೂರು ಗೆರೆಗಳ ಜಾಗದಲ್ಲಿ ಮುನ್ನೂರು ಗೆರೆಗಳು! ಕುಂಕುಮದ ಕೃತಕ ಬಣ್ಣ ಒದ್ದೆಯಾದಾಗ ಇಳಿದು ಬಿಳಿಯ ಕಾರಿನ ಮೇಲೆ ಗುಲಾಬಿ ಕಲೆಯಾಗುತ್ತದೆ. ದೃಷ್ಟಿಗೆಂದು ನಿಂಬೆಹಣ್ಣು, ಬೂದುಗುಂಬಳ ಒಡೆಯುವುದು ಶರಣಮಾರ್ಗಕ್ಕೆ ಎಷ್ಟರಮಟ್ಟಿಗೆ ಒಪ್ಪುತ್ತದೆಂಬ ಚರ್ಚೆ ಇಲ್ಲಿ ಬೇಡ; ನಿಂಬೆಯ ರಸ ಮಾತ್ರ ಬಣ್ಣಕ್ಕೆ ಒಪ್ಪದು. ಮೇಣದ ಹೊದಿಕೆಯಿದ್ದರೆ ಇವೆಲ್ಲವೂ ಬಹುಮಟ್ಟಿಗೆ ನೀರಿನೊಡನೆ ಇಳಿದುಹೋಗುತ್ತವೆ. ನಾವು ವಿಭೂತಿ ಕುಂಕುಮಗಳನ್ನು ಮುಂದಿನ ಗಾಜಿನ ಮೇಲ್ತುದಿಗೆ ಧರಿಸುವುದನ್ನು ರೂಢಿ ಮಾಡಿಕೊಂಡೆವು. ಗಾಜು ಬಣ್ಣಕ್ಕಿಂತ ಎಷ್ಟೋ ಗಟ್ಟಿ. ಈ ಸಲಹೆ ಕೊಟ್ಟವರು ನಮ್ಮ ಹಿರಿಯರೇ. ಹಣೆಯೆಂದರೆ ಮೇಲೆಯೇ ಇರಬೇಕಲ್ಲವೇ ಎಂದು ಅವರ ವಾದ.

ಚಳಿಗಾಲದಲ್ಲಿ ಹೇಳುವಂಥದ್ದು ಕಡಮೆ. ಇಬ್ಬನಿಯಿಂದ ಒದ್ದೆಯಾದ ಧೂಳನ್ನು ಬಟ್ಟೆಯಿಂದ ಬಳಿಯಬಾರದು. ಪುಷ್ಯಮಾಸದಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿ ಬಯಲಿನಲ್ಲಿ ಕಾರು ನಿಲ್ಲಿಸಿದವರು ಮನೆಗೆ ಬಂದೊಡನೆ ಒರೆಸುವ ಆತುರ ತೋರದೆ, ನೀರು ಸುರಿಯುವವರೆಗೆ ತಾಳಬೇಕು. ಮಾವು ಹೂಬಿಡುವ ಕಾಲದಲ್ಲಿ ಅದರಡಿ ಕಾರು ನಿಲ್ಲಿಸಿದರೆ ಜಿಗಿಹುಳುಗಳು ಸ್ರವಿಸುವ ಅಂಟು ಬಣ್ಣದ ಮೇಲೆಲ್ಲ ಕೂಡಿ, ಅದಕ್ಕೆ ಧೂಳು ಹತ್ತಿ ಕಪ್ಪಾಗುತ್ತದೆ. ಅದನ್ನು ಉಗುರುಬೆಚ್ಚಗಿನ ಶಾಂಪೂ ನೀರಿನಿಂದ ನೆನೆಸಿ ತೆಗೆಯಬೇಕು. ಹೋಳಿಯ ದಿನ ಕಾರನ್ನು ಒಳಗೆ ನಿಲ್ಲಿಸುವುದೇ ಸರಿ.

ಮತ್ತೆ ಯುಗಾದಿ ಬಂದಾಗ ತೊಳೆದ ಬಾನೆಟ್ಟಿನ ಮೇಲೆ ಒಂದು ತಂಬಿಗೆ ನೀರು ಚೆಲ್ಲಿ ನೋಡುತ್ತೇವೆ. ನೀರು ಮುತ್ತುಗಳಾಗಿ ಉರುಳಿದರೆ ಹೊದಿಕೆ ಉಳಿದಿದೆ. ಹಾಳೆಯಂತೆ ಹರಡಿ ನಿಂತರೆ ಮುಗಿದಿದೆ. ಈ ಪರೀಕ್ಷೆ ನಡೆಸುವ ಅಧಿಕಾರ ಈಗ ಹಿರಿಯರದು. ಎಂಟು ದಿನದ ಮೌನದ ನಂತರ ಒಂದು ಬೆಳಿಗ್ಗೆ ಅವರು ತಾವಾಗಿಯೇ ಎರಡು ಬಕೆಟ್ಟುಗಳನ್ನು ಅಂಗಳಕ್ಕೆ ತಂದಿಟ್ಟಿದ್ದರು. ಪೂಜೆಯ ನಂತರ ಈಗಲೂ ದಿನಾಲೂ ಕಾರಿನ ಸುತ್ತ ಒಂದು ಸುತ್ತು ಬರುತ್ತಾರೆ, ಕೈಯಲ್ಲಿ ಹಿಕ್ಕೆ ತೆಗೆಯುವ ಒದ್ದೆಬಟ್ಟೆ ಮಾತ್ರ. ಕಾರಿಗೀಗ ಆರು ವರ್ಷ. ಬಾನೆಟ್ಟಿನ ಬಲೆಗೆರೆಗಳನ್ನು ಯಂತ್ರದಿಂದ ಪೂರ್ತಿ ಅಳಿಸಿಬಿಡೋಣವೆಂದು ನಾವು ಕಳೆದ ದಸರೆಯಲ್ಲಿ ಹೇಳಿದಾಗ ಅವರು ಒಪ್ಪಲಿಲ್ಲ. ಉಳಿದಿರುವ ಪದರ ಉಳಿಯಲಿ, ಗೆರೆಗಳು ಇದ್ದರೆ ಇರಲಿ ಎಂದರು.