ಪಿಲಾತನ ನ್ಯಾಯಪೀಠದ ಮುಂದೆ ಯೇಸು: ಕಲಾವಿದರು ಕಂಡ ಬಗೆ

ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿಯ 14 ಸ್ಥಳಗಳನ್ನು ಧ್ಯಾನಿಸುವಾಗ ನಾವು ಮೊದಲು ನಿಲ್ಲುವುದು ಪಿಲಾತನ ನ್ಯಾಯಪೀಠದ ಎದುರು. ನಿರಪರಾಧಿಗೆ ಮರಣದಂಡನೆ ವಿಧಿಸಿದ ಆ ವಿಚಾರಣೆಯನ್ನು ಕ್ರೈಸ್ತ ಕಲೆ ಹದಿನಾರು ಶತಮಾನಗಳಿಂದ ಚಿತ್ರಿಸುತ್ತ ಬಂದಿದೆ. ಅಲ್ಲಿ ತಪ್ಪಿತಸ್ಥರು ಯಾರೆಂಬ ಪ್ರಶ್ನೆಯನ್ನೂ ಅದು ಕೇಳುತ್ತಲೇ ಬಂದಿದೆ.

ರೋಮ್ ನಗರದ ಅಧಿಪತಿ ಯೂನಿಯಸ್ ಬಾಸಸ್ ಕ್ರಿ.ಶ. 359ರಲ್ಲಿ ಮೃತನಾದ. ಆತನ ಅಮೃತಶಿಲೆಯ ಶವಪೆಟ್ಟಿಗೆ ಈಗ ವ್ಯಾಟಿಕನ್‌ನಲ್ಲಿದೆ. ಅದರ ಮೇಲೆ ಶಿಲುಬೆಗೇರಿಸಿದ ದೃಶ್ಯವಿಲ್ಲ, ವಿಚಾರಣೆಯ ದೃಶ್ಯವಿದೆ. ಪಿಲಾತ ಯೇಸುವಿನ ಕಡೆ ನೋಡದೆ ಮುಖ ತಿರುಗಿಸಿ ಕುಳಿತಿದ್ದಾನೆ. ಕೈತೊಳೆಯಲು ನೀರು ಸಿದ್ಧವಾಗಿದೆ. ರೋಮನ್ ಅಧಿಕಾರಿಯ ಸಮಾಧಿಯಲ್ಲೇ ರೋಮನ್ ಅಧಿಕಾರದ ಅಳುಕನ್ನು ಶಿಲ್ಪಿ ಕೆತ್ತಿರುವುದು ಗಮನಾರ್ಹ.

ಇಟಲಿಯ ರೊಸಾನೊ ಎಂಬಲ್ಲಿರುವ ಆರನೆಯ ಶತಮಾನದ ಶುಭಸಂದೇಶ ಗ್ರಂಥದ ನೇರಳೆವರ್ಣದ ಚರ್ಮಪುಟಗಳಲ್ಲಿ ಇದೇ ವಿಚಾರಣೆ ಇದೆ. ನಡುವೆ ಪಿಲಾತ, ಎರಡೂ ಬದಿಗೆ ಕೂಗುವ ಜನ, ಕೆಳಗೆ ಯೇಸು ಹಾಗೂ ಬಂಧಿತ ಬರಬ್ಬ. ಇಲ್ಲಿ ನ್ಯಾಯಾಧೀಶನು ಜನರ ಕೂಗಿಗೆ ಸಿಕ್ಕಿಕೊಂಡಿದ್ದಾನೆ. ವೆನಿಸ್‌ನ ತಿಂತೊರೆತ್ತೊ 1566-67ರಲ್ಲಿ ಬಿಡಿಸಿದ ಚಿತ್ರದಲ್ಲಾದರೋ ಶ್ವೇತವಸ್ತ್ರಧಾರಿ ಯೇಸು ದೀಪದಂತೆ ನೇರವಾಗಿ ನಿಂತಿದ್ದಾರೆ. ಪಿಲಾತನ ಮುಖ ಮಾತ್ರ ಬೇರೆಡೆಗೆ ತಿರುಗಿದೆ.

ಕೂಗುವ ಜನಸಮೂಹವನ್ನು ವಿಕಾರ ಮುಖಗಳಿಂದ ಚಿತ್ರಿಸಿ, ಯೆಹೂದ್ಯರ ಮೇಲೆ ದ್ವೇಷ ಬಿತ್ತಿದ ಚಿತ್ರಗಳೂ ಯೂರೋಪಿನಲ್ಲಿ ಹುಟ್ಟಿದವೆಂಬುದನ್ನು ನಾವು ಮರೆಮಾಚಬಾರದು. ಕ್ರಿಸ್ತರ ಯಾತನೆಯ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟಪಡಿಸಿತು.

ಈ ವಿಷಯದಲ್ಲಿ ಡಚ್ ಕಲಾವಿದ ರೆಂಬ್ರಾಂಟ್ ನಮಗೆ ಗುರುವಾಗಬಲ್ಲ. 1655ರಲ್ಲಿ ತಾಮ್ರದ ತಗಡಿನ ಮೇಲೆ ಆತ ಯೇಸುವನ್ನು ಜನರ ಮುಂದೆ ನಿಲ್ಲಿಸಿದ ದೃಶ್ಯವನ್ನು ಕೊರೆದ. ಮೊದಲ ಅಚ್ಚುಗಳಲ್ಲಿ ಜಗಲಿಯ ಮುಂದೆ ಜನ ಕಿಕ್ಕಿರಿದಿದ್ದರು. ಅನಂತರ ಆ ಜನರನ್ನೆಲ್ಲ ಅಳಿಸಿಬಿಟ್ಟ. ಹಾಗಾಗಿ ಗುಂಪು ನಿಂತಿದ್ದ ಜಾಗದಲ್ಲಿ ಈಗ ನಿಂತಿರುವವರು ಚಿತ್ರವನ್ನು ನೋಡುವ ನಾವೇ.

ರಷ್ಯದ ನಿಕೊಲಾಯ್ ಗೆ 1890ರಲ್ಲಿ ರಚಿಸಿದ ‘ಸತ್ಯವೆಂದರೇನು?’ ಎಂಬ ಚಿತ್ರದಲ್ಲಿ ಬೆಳಕು ಬಿದ್ದಿರುವುದು ಪಿಲಾತನ ಮೇಲೆ; ದಣಿದ ಯೇಸು ನೆರಳಿನಲ್ಲಿದ್ದಾರೆ. ಇದನ್ನು ಸಹಿಸದ ಅಂದಿನ ಆಡಳಿತ ಚಿತ್ರವನ್ನು ಪ್ರದರ್ಶನದಿಂದ ತೆಗೆಸಿತು. ಆದರೆ ಅದರಲ್ಲೊಂದು ಆಳವಾದ ತತ್ವವಿದೆ. ಪಿಲಾತನಿಗೆ ಸತ್ಯವು ಚರ್ಚೆಯ ವಿಷಯವಾಗಿತ್ತು. ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯದೆ ಹೊರನಡೆದ. ಸತ್ಯವೇ ವ್ಯಕ್ತಿಯಾಗಿ ಎದುರಿಗೆ ನಿಂತಿದ್ದುದು ಅವನಿಗೆ ಕಾಣಲಿಲ್ಲ.

ನೆರೆಯವನ ಮೇಲೆ ಸುಳ್ಳು ಅಪವಾದ ಬಂದಾಗ, ನಿಜ ಗೊತ್ತಿದ್ದೂ ‘ನಮಗೇಕೆ ಊರ ಉಸಾಬರಿ’ ಎಂದು ಸುಮ್ಮನಾಗುವಾಗ ನಾವೂ ಅದೇ ನೀರಿನಲ್ಲಿ ಕೈತೊಳೆಯುತ್ತೇವೆ. ಮುಂದಿನ ಬಾರಿ ದೇವಾಲಯಕ್ಕೆ ಹೋದಾಗ ಮಕ್ಕಳೊಡನೆ ಮೊದಲನೆಯ ಸ್ಥಳದ ಮುಂದೆ ಕೊಂಚ ಹೊತ್ತು ನಿಲ್ಲೋಣ. ಆ ಚಿತ್ರದಲ್ಲಿ ನಾವು ಎಲ್ಲಿದ್ದೇವೆಂದು ಪ್ರಾಮಾಣಿಕವಾಗಿ ಕೇಳಿಕೊಳ್ಳೋಣ. ಯೇಸುವಿನ ಪಕ್ಕದಲ್ಲಿ ನಿಲ್ಲುವ ಧೈರ್ಯವನ್ನು ಅವರಲ್ಲಿಯೇ ಬೇಡೋಣ.