ನಾಲ್ಕನೇ ಮಹಡಿಯ ಕಡಲಹೂ

ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಊರು. ಉಪ್ಪುನೀರು ನೋಡಬೇಕೆಂದರೆ ಘಾಟಿ ಇಳಿದು ಮುಂಬೈಗೋ ಅಲಿಬಾಗಿಗೋ ಹೋಗಬೇಕು. ಅಂಥ ಊರಿನ ಕೋಥ್ರೂಡ್ ಬಡಾವಣೆಯಲ್ಲಿ, ಲಿಫ್ಟಿಲ್ಲದ ಹಳೆಯ ಕಟ್ಟಡವೊಂದರ ನಾಲ್ಕನೇ ಮಹಡಿಯ ನಡುಮನೆಯಲ್ಲಿ, 3 ಅಡಿ ಉದ್ದದ ಗಾಜಿನ ತೊಟ್ಟಿಯೊಳಗೆ ಕೆಂಪು ಹೂವೊಂದು ಅರಳಿ ಕೂತಿದೆ. ತಿಂಡಿ ತಟ್ಟೆಯಷ್ಟು ಅಗಲ. ಎಸಳೆಸಳಿನ ತುದಿಯಲ್ಲೂ ದ್ರಾಕ್ಷಿಯಂಥ ಗುಳ್ಳೆ. ಗುಳ್ಳೆಗಳ ನಡುವೆ ಕಿತ್ತಳೆ ಬಣ್ಣದ, ಬಿಳಿಪಟ್ಟೆಯ ಮೀನೊಂದು ಮೈ ಹೊರಳಿಸುತ್ತಿದೆ. ಸಿನಿಮಾ ನೋಡಿದ ಮಕ್ಕಳು ಅದನ್ನು ‘ನೀಮೋ’ ಎಂದೇ ಕರೆಯುತ್ತಾರೆ. ಹೆಸರು ಕ್ಲೌನ್ ಮೀನು.

ಹೂ ಎಂದೆ, ಆದರೆ ಅದು ಪ್ರಾಣಿ. ಸೀ ಅನೆಮೋನ್. ಹವಳ, ಜೆಲ್ಲಿಮೀನುಗಳ ದಾಯಾದಿ. ಶಾಲೆಯ ಪುಸ್ತಕದ ‘ಕುಟುಕುಕಣವಂತ’ಗಳ ಕುಲ. ಮೂಳೆಯಿಲ್ಲ, ಚಿಪ್ಪಿಲ್ಲ, ಮಿದುಳೂ ಇಲ್ಲ. ಮೈಯೆಂದರೆ ನೀರು ತುಂಬಿಕೊಂಡ ಒಂದು ಚೀಲ. ಮೇಲುಗಡೆ ನಡುವೆ ಬಾಯಿ, ಸುತ್ತ ಕರಬಳ್ಳಿಗಳು, ಅಡಿಯಲ್ಲಿ ಬಂಡೆಗೆ ಅಂಟಿಕೊಳ್ಳುವ ಪಾದ. ತಿನ್ನುವುದೂ ತಿಂದು ಮಿಕ್ಕಿದ್ದನ್ನು ಹೊರಹಾಕುವುದೂ ಅದೇ ಬಾಯಿಂದ. ಕರಬಳ್ಳಿಯ ಚರ್ಮದಲ್ಲಿ ಸಾವಿರಾರು ಕುಟುಕು ಕೋಶಗಳಿವೆ. ಒಂದೊಂದರೊಳಗೂ ಸುರುಳಿ ಸುತ್ತಿದ ವಿಷದ ನೂಲು. ಏನಾದರೂ ತಗುಲಿದರೆ ಚಿಮ್ಮಿ ಚುಚ್ಚುತ್ತದೆ. ಮನುಷ್ಯರ ಬೆರಳಿಗೆ ಅದು ಸಾಮಾನ್ಯವಾಗಿ ಬರಿಯ ಅಂಟಂಟು. ಸಿಗಡಿ ಮರಿಗೆ ಸಾವು. ಕ್ಲೌನ್ ಮೀನಿಗೆ ಮಾತ್ರ ಮೈಮೇಲಿನ ಲೋಳೆಯ ದೆಸೆಯಿಂದ ರಕ್ಷೆ.

ಈ ಮನೆಯಲ್ಲಿರುವುದು ಗುಳ್ಳೆತುದಿಯ ಜಾತಿ, ಎಂಟಾಕ್ಮಿಯಾ ಕ್ವಾಡ್ರಿಕಲರ್. ಸಾಕುವವರು ‘ಬಬಲ್ ಟಿಪ್’ ಅನ್ನುತ್ತಾರೆ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಂದು ಪಾಚಿ ಒಕ್ಕಲಿದೆ. ಪಾಚಿ ಬಿಸಿಲುಂಡು ಸಕ್ಕರೆ ಮಾಡುತ್ತದೆ, ಅದರ ಬಹುಪಾಲನ್ನು ಒಡೆಯನಿಗೇ ಬಿಟ್ಟುಕೊಡುತ್ತದೆ. ಹಾಗಾಗಿ ಈ ಪ್ರಾಣಿಗೆ ಬೆಳಕೂ ಒಂದು ಊಟ. ಕೆಂಪು, ಹಸಿರು ಬಣ್ಣಗಳು ಬರುವುದು ಪ್ರಾಣಿಯೇ ತಯಾರಿಸುವ ಕೆಲವು ಪ್ರೋಟೀನುಗಳಿಂದ. ಅವು ನೀಲಿ ಬೆಳಕನ್ನು ಹೀರಿ ಕೆಂಪಾಗಿ, ಹಸಿರಾಗಿ ಹೊರಬಿಡುತ್ತವೆ. ಸಂಜೆ ತೊಟ್ಟಿಯ ಮೇಲಿನ ಬಿಳಿ ಎಲ್‌ಇಡಿಗಳು ಆರಿ ನೀಲಿ ಮಾತ್ರ ಉಳಿದಾಗ ಹೂವು ಕೆಂಡದಂತೆ ಹೊಳೆಯುವುದು ಇದಕ್ಕೇ. ಜೆಲ್ಲಿಮೀನಿನ ಇಂಥದೇ ಹಸಿರು ಪ್ರೋಟೀನಿನ ಕೆಲಸಕ್ಕೆ 2008ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಈ ಗುಳ್ಳೆತುದಿಯ ಕೆಂಪು ಪ್ರೋಟೀನನ್ನು ತಿದ್ದಿ ಮಾಡಿದ ‘ಟ್ಯಾಗ್‌ಆರ್‌ಎಫ್‌ಪಿ’ ಎಂಬ ಗುರುತುಬಣ್ಣವನ್ನು ಜೀವಕೋಶ ಅಧ್ಯಯನ ಮಾಡುವ ಪ್ರಯೋಗಾಲಯಗಳು ಈಗ ದಿನವೂ ಬಳಸುತ್ತವೆ.

ಇಂಥ ಪ್ರಾಣಿಯನ್ನು ಸಾಕುವುದು ಹೇಗೆ ಎಂದು ತೊಟ್ಟಿಯ ಒಡೆಯರನ್ನು ಕೇಳಿದೆ. ಧಾರವಾಡದ ಕಡೆಯವರು, ನೌಕರಿಗೆಂದು ಬಂದು ಪುಣೆಯಲ್ಲೇ ಉಳಿದವರು. “ಹೂವಿಗೆ ಏನೂ ಮಾಡೂದಿಲ್ರೀ,” ಅಂದರು. “ಮಾಡೂದೆಲ್ಲಾ ನೀರಿಗೆ.” ಹೇಳಿದವರು ನನ್ನನ್ನು ತೊಟ್ಟಿಯ ಹತ್ತಿರ ಕೂರಿಸದೆ ಹಿತ್ತಲ ಬಾಲ್ಕನಿಗೆ ಕರೆದುಕೊಂಡು ಹೋದರು.

ಅಲ್ಲಿ ಎರಡು ನೀಲಿ ಡ್ರಮ್ಮುಗಳು. ಖಡಕವಾಸಲಾ ಜಲಾಶಯದಿಂದ ಬರುವ ನಲ್ಲಿನೀರು ಮೃದುವಾದದ್ದು, ಕುಡಿಯಲು ಚೆನ್ನ. ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಊರಂಚಿನ ಹೊಸ ಬಡಾವಣೆಗಳಲ್ಲಿ ಟ್ಯಾಂಕರಿನ, ಬೋರ್‌ವೆಲ್ಲಿನ ಗಡಸು ನೀರು. ಯಾವುದೂ ಹಾಗೇ ನಡೆಯದು. ಹಳೆ ಪೈಪಿನಿಂದ ಒಂದಿಷ್ಟು ತಾಮ್ರ ಸೇರಿದರೂ ಬೆನ್ನೆಲುಬಿಲ್ಲದ ಇಂಥ ಜೀವಿಗಳಿಗೆ ಅದು ವಿಷ. ಆದ್ದರಿಂದ ನೀರು ಮೊದಲು ಆರ್‌ಒ ಪೊರೆಯ ಮೂಲಕ, ಆಮೇಲೆ ಅಯಾನುಗಳನ್ನು ಹಿಡಿಯುವ ರಾಳದ ಹರಳುಗಳ ಮೂಲಕ ಹಾಯಬೇಕು. ಹೊರಬಂದ ನೀರಿಗೆ ಟಿಡಿಎಸ್ ಮೀಟರ್ ಅದ್ದಿದರೆ ಸೊನ್ನೆ ತೋರಿಸಬೇಕು. ಒಂದು ಕೊಡ ಶುದ್ಧ ನೀರಿಗೆ ಎರಡು ಮೂರು ಕೊಡ ತ್ಯಾಜ್ಯ ನೀರು; ಈ ಮನೆಯಲ್ಲಿ ಅದರಲ್ಲೇ ನೆಲ ಒರೆಸುವುದು, ಕುಂಡಗಳಿಗೆ ಹಾಕುವುದು.

ಆಮೇಲೆ ಉಪ್ಪು. ಅಡುಗೆ ಉಪ್ಪು ಸಲ್ಲದು. ಕಡಲಿನ ಉಪ್ಪಿನಲ್ಲಿ ನೂರಕ್ಕೆ 85 ಪಾಲು ಸೋಡಿಯಂ ಮತ್ತು ಕ್ಲೋರೈಡ್; ಮಿಕ್ಕ ಪಾಲಿನಲ್ಲಿ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬನೇಟ್ ಎಲ್ಲ ಇವೆ. ಆ ಲೆಕ್ಕದಲ್ಲೇ ಬೆರೆಸಿದ ಉಪ್ಪು ಬಕೆಟ್ಟಿನಲ್ಲಿ ಸಿಗುತ್ತದೆ. ಲೀಟರಿಗೆ 35 ಗ್ರಾಂ ಎಂದು ಲೆಕ್ಕ ಹಾಕಿದರೆ 190 ಲೀಟರಿನ ಈ ತೊಟ್ಟಿ ಮೊದಲ ಸಲ ತುಂಬಲು ಆರೂವರೆ ಕಿಲೋಗಿಂತ ಹೆಚ್ಚು ಬೇಕಾಯಿತು. ನೀರಿಗೆ ಉಪ್ಪು ಹಾಕಬೇಕು, ಉಪ್ಪಿಗೆ ನೀರು ಸುರಿಯಬಾರದು. ಕ್ರಮ ತಪ್ಪಿದರೆ ಕ್ಯಾಲ್ಸಿಯಂ ಸುಣ್ಣದ ಪುಡಿಯಾಗಿ ತಳ ಸೇರುತ್ತದೆ, ಮತ್ತೆ ಕರಗುವುದಿಲ್ಲ. ಒಂದು ರಾತ್ರಿಯಿಡೀ ಪಂಪು ಅದನ್ನು ಕಲಕುತ್ತದೆ. ಬೆಳಿಗ್ಗೆ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಒಂದು ಹನಿ ಬಿಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. ನೀಲಿ ಬಿಳಿಗಳ ಗಡಿ 35ರ ಗೆರೆಯ ಮೇಲೆ ಕೂತರೆ ನೀರು ತಯಾರು. ವಾರಕ್ಕೊಮ್ಮೆ ತೊಟ್ಟಿಯ ಹತ್ತರಲ್ಲೊಂದು ಪಾಲು ತೆಗೆದು ಈ ಹೊಸ ನೀರು ತುಂಬುತ್ತಾರೆ. ವರ್ಷದ ಐವತ್ತೆರಡು ವಾರವೂ.

ನೀರು ತಯಾರಾದ ಮಾತ್ರಕ್ಕೆ ಹೂ ತರುವಂತಿಲ್ಲ. ಮೀನಿನ ಹೇಲು, ಉಳಿದ ಆಹಾರ ಕೊಳೆತರೆ ಅಮೋನಿಯಾ ಆಗುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ವಿಷ, ಮೂರನೆಯದು ಹದದಲ್ಲಿದ್ದರೆ ಅಡ್ಡಿಯಿಲ್ಲ. ಕಲ್ಲಿನ ಸಂದುಗಳಲ್ಲಿ ಈ ಬ್ಯಾಕ್ಟೀರಿಯಾ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಕಡಲಹೂವಿಗೆ ಅದೂ ಸಾಲದು. ಆರು ತಿಂಗಳಾದರೂ ಹಳತಾದ ತೊಟ್ಟಿ ಬೇಕು. ಇವರು ಎಂಟು ತಿಂಗಳು ಕಾದರು. ಅಷ್ಟೂ ದಿನ ಬಂದವರೆಲ್ಲ ಖಾಲಿ ಕಲ್ಲಿಗೆ ದೀಪ ಯಾಕೆ ಎಂದು ಕೇಳಿ ಹೋದರಂತೆ.

ಆ ಕಲ್ಲೂ ಕಡಲಿನ ಹವಳದ್ದಲ್ಲ, ಕೈಯಿಂದ ಮಾಡಿದ್ದು. ನಮ್ಮಲ್ಲಿ ಗಟ್ಟಿ ಹವಳ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಹುಲಿಗೆಷ್ಟು ರಕ್ಷಣೆಯೋ ಅದಕ್ಕೂ ಅಷ್ಟೇ. ಸತ್ತ ಹವಳದ ತುಂಡನ್ನು ಚೆಂದಕ್ಕೆಂದು ಇಟ್ಟುಕೊಂಡರೂ ತಪ್ಪೇ.

ಪುಣೆಯ ಬೇಸಿಗೆ ಇನ್ನೊಂದು ಕಥೆ. ತೊಟ್ಟಿ 25, 26 ಡಿಗ್ರಿಯಲ್ಲಿ ನಿಲ್ಲಬೇಕು. ಏಪ್ರಿಲ್‌ನಲ್ಲಿ ಹೊರಗೆ 40ರ ಹತ್ತಿರ. ನೀರು 30 ದಾಟಿ ಅಲ್ಲೇ ನಿಂತರೆ ಒಳಗಿನ ಪಾಚಿ ಒಕ್ಕಲೇಳುತ್ತದೆ, ಹೂವು ಬೆಳ್ಳಗಾಗಿ ಹಸಿವಿನಿಂದ ಸೊರಗುತ್ತದೆ. ಚಿಲ್ಲರ್ ಯಂತ್ರ ದುಬಾರಿ. ಇವರದು ಎರಡು ಸಣ್ಣ ಫ್ಯಾನು, ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವಂಥವು. ಮಣ್ಣಿನ ಹೂಜಿ ನೀರು ತಣ್ಣಗಿಡುವ ಉಪಾಯವೇ ಇದು. ಮಾರ್ಚ್‌ನಿಂದ ಮೇವರೆಗಿನ ದಖ್ಖನಿನ ಒಣಗಾಳಿಗೆ ಮೂರು ನಾಲ್ಕು ಡಿಗ್ರಿ ಇಳಿಯುತ್ತದೆ. ಮಳೆಗಾಲದ ಹಸಿಗಾಳಿಯಲ್ಲಿ ಫ್ಯಾನು ಸುಮ್ಮನೆ ತಿರುಗುತ್ತದೆ ಅಷ್ಟೆ. ಬೇಸಿಗೆಯಲ್ಲಿ ದಿನಕ್ಕೆ ಮೂರು ನಾಲ್ಕು ಲೀಟರ್ ಆವಿಯಾಗುತ್ತದೆ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಹಾಗಾಗಿ ಅಷ್ಟೇ ಸಿಹಿನೀರನ್ನು, ಒಮ್ಮೆಲೇ ಸುರಿಯದೆ, ಹನಿಹನಿಯಾಗಿ ತುಂಬುತ್ತಿರಬೇಕು. ಕರೆಂಟು ಹೋದರೆ ಗಾಳಿಪಂಪಿಗೆ ಬ್ಯಾಟರಿ. ಮನೆಯ ಇನ್ವರ್ಟರಿನಲ್ಲಿ ಟಿವಿಗಿಂತ ಮೊದಲು ತೊಟ್ಟಿಯ ಹಕ್ಕು ಎಂದು ಅವರ ಮನೆಯಾಕೆ ನಗುತ್ತಲೇ ದೂರಿದರು.

ಕೊನೆಗೂ ಹೂ ತಂದ ದಿನ ಅದನ್ನು ಕಲ್ಲಿಗೆ ಅಂಟಿಸಿ ನಿಲ್ಲಿಸಲು ಬರುವುದಿಲ್ಲ. ತಂದ ನೀರಿಗೆ ತೊಟ್ಟಿಯ ನೀರನ್ನು ಒಂದೆರಡು ಗಂಟೆ ಹನಿ ಹಾಕಿ ಒಗ್ಗಿಸಿ, ಕಲ್ಲಿನ ಬಿರುಕಿನ ಹತ್ತಿರ ಬಿಡುವುದಷ್ಟೇ ನಮ್ಮ ಕೆಲಸ. ಜಾಗ ಅದೇ ಹುಡುಕಿಕೊಳ್ಳುತ್ತದೆ. ಪಾದ ನೆರಳಿನ ಸಂದಿನಲ್ಲಿ, ಮುಖ ಬೆಳಕಿಗೆ; ಆ ಎರಡೂ ಸಿಗುವ ತನಕ ಬಸವನಹುಳುವಿಗಿಂತ ನಿಧಾನವಾಗಿ ಅಲೆಯುತ್ತದೆ. ಈ ಅಲೆದಾಟದಲ್ಲೇ ಹೆಚ್ಚಿನ ಸಾವು. ಇವರ ಮೊದಲ ಹೂವು ರಾತ್ರಿ ನಡೆದು ಪಂಪಿನ ಬಾಯಿಗೆ ಸಿಕ್ಕಿತು. ಬೆಳಿಗ್ಗೆ ನೋಡಿದರೆ ತೊಟ್ಟಿಯ ತುಂಬ ಗುಲಾಬಿ ಚೂರು. ಅದರ ಕೊಳೆಗೆ ಎರಡು ಮೀನೂ ಸತ್ತವು. ಈಗ ಪ್ರತಿ ಪಂಪಿಗೂ ದಪ್ಪ ಸ್ಪಂಜಿನ ಟೋಪಿ ಇದೆ.

ಊಟದ್ದು ಹೆಚ್ಚೇನಿಲ್ಲ. ಗಣೇಶ ಪೇಠೆಯ ಮೀನು ಮಾರುಕಟ್ಟೆಯಿಂದ ತಂದ ಸಿಗಡಿಯನ್ನು ಶುದ್ಧ ನೀರಲ್ಲಿ ತೊಳೆದು ಹುರಿಗಡಲೆ ಗಾತ್ರಕ್ಕೆ ಕತ್ತರಿಸಿ, ಉದ್ದನೆಯ ಚಿಮಟದಲ್ಲಿ ಕರಬಳ್ಳಿಗೆ ಮುಟ್ಟಿಸುವುದು. ವಾರಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ. ತುಂಡು ದೊಡ್ಡದಾದರೆ ನುಂಗಿ ಮಾರನೇ ದಿನ ಉಗುಳುತ್ತದೆ.

ಹೀಗೆ ಒಂದು ವರ್ಷ ಏನೂ ಬದಲಾಗದಂತೆ ನೋಡಿಕೊಂಡ ಮೇಲೆ, ಒಂದು ದಿನ ಹೂವು ತಾನಾಗಿ ಎರಡಾಗುತ್ತದೆ. ನಾನು ನೋಡಿದ್ದು ಅದರ ನಡುಹಂತವನ್ನು. ಪಾದದ ಒಂದು ಅಂಚು ಎಡಕ್ಕೆ, ಇನ್ನೊಂದು ಬಲಕ್ಕೆ ತೆವಳತೊಡಗಿತ್ತು. ದುಂಡಗಿದ್ದ ಮೈ ಎಳೆದೆಳೆದು ಮೊಟ್ಟೆಯಾಕಾರ, ಆಮೇಲೆ ಹರವಿದ ಬಟ್ಟೆಯಾಕಾರ ಆಯಿತು. ಬಾಯಿ ಉದ್ದದ ಸೀಳಾಯಿತು. ನಡುವಿನ ಚರ್ಮ ತೆಳುವಾಗುತ್ತಾ ಹಾಲಿನ ಕೆನೆಯಷ್ಟಾಗಿ, ಕೊನೆಗೆ ಬಾಯಿಯ ನಡುವಿನಿಂದಲೇ ಹರಿಯಿತು. ಸದ್ದಿಲ್ಲ, ನೆತ್ತರಿಲ್ಲ. ಎರಡು ಅರ್ಧಗಳು, ಅರ್ಧರ್ಧ ಬಾಯಿ, ಹಸಿ ಗಾಯದ ಅಂಚು. ಮೀನು ಮಾತ್ರ ಅತ್ತಿಂದಿತ್ತ ಓಡಾಡಿ, ಸ್ವಲ್ಪ ಹೊತ್ತಿನ ಮೇಲೆ ಎಡಗಡೆಯದನ್ನು ಆರಿಸಿಕೊಂಡಿತು. ಮುಂದಿನ ದಿನಗಳಲ್ಲಿ ಪ್ರತಿ ಅರ್ಧವೂ ಗಾಯವನ್ನು ಒಳಕ್ಕೆ ಮಡಚಿ ಅಂಚಿಗೆ ಅಂಚು ಹೊಲಿದುಕೊಳ್ಳುತ್ತದೆ. ವಾರ ಹತ್ತು ದಿನದಲ್ಲಿ ಎರಡೂ ಪೂರ್ತಿ ದುಂಡಗೆ, ಪೂರ್ತಿ ಬಾಯಿಯೊಂದಿಗೆ. ಅಲ್ಲಿಯವರೆಗೆ ಊಟ ಕೊಡಬಾರದು. ಎರಡರಲ್ಲಿ ತಾಯಿ ಯಾವುದು, ಮರಿ ಯಾವುದು ಎಂದು ಕೇಳಿದರೆ ಉತ್ತರವಿಲ್ಲ. ಬಣ್ಣವೂ ಒಂದೇ, ವಂಶವಾಹಿಯೂ ಒಂದೇ.

ಕಾಯುವ ವ್ಯವಧಾನವಿಲ್ಲದವರು ಬ್ಲೇಡು ಹಿಡಿಯುತ್ತಾರೆ. ಆರೋಗ್ಯವಾಗಿ ಬೆಳೆದದ್ದನ್ನು ಕಲ್ಲಿನಿಂದ ಬಿಡಿಸಿ, ಹೊಸ ಬ್ಲೇಡಿನಿಂದ ಬಾಯಿಯ ನಡುವಿನಿಂದ ಪಾದದವರೆಗೆ ಒಂದೇ ಏಟಿಗೆ ಸೀಳಬೇಕು. ಗರಗಸದಂತೆ ಆಡಿಸಕೂಡದು. ಪ್ರತಿ ತುಂಡಿಗೂ ಬಾಯಿಯ ಪಾಲು, ಪಾದದ ಪಾಲು ಬರಲೇಬೇಕು, ಇಲ್ಲದ ತುಂಡು ಬದುಕುವ ಭರವಸೆಯಿಲ್ಲ. ಮಿದುಳಿಲ್ಲದ್ದಕ್ಕೆ ನೋವೆಲ್ಲಿ ಎನ್ನುವವರಿದ್ದಾರೆ. ಇರಬಹುದು. ಆದರೆ ತಾನಾಗಿ ಹರಿದದ್ದನ್ನು ಒಮ್ಮೆ ಕಂಡವರಿಗೆ ಬ್ಲೇಡಿನ ಅವಸರ ಒಗ್ಗುವುದು ಕಷ್ಟ. ಈ ಮನೆಯಲ್ಲಿ ಬ್ಲೇಡಿಲ್ಲ.

ಒಡೆದು ಎರಡಾದದ್ದರಲ್ಲಿ ಹೊಸ ಬಣ್ಣ ಬರದು. ಅದು ಬೇಕಾದವರು ಕೆರಿಬಿಯನ್ ಕಡಲಿನ ‘ರಾಕ್ ಫ್ಲವರ್’ ಸಾಕುತ್ತಾರೆ. ಅಂಗೈಯಗಲದ, ಗಿಡ್ಡ ಕರಬಳ್ಳಿಗಳ, ರಂಗೋಲಿ ಹಾಕಿದಂಥ ಮುಖದ ಜಾತಿ. ಒಮ್ಮೆ ಕೂತ ಜಾಗ ಬಿಟ್ಟು ಏಳುವುದು ಅಪರೂಪ. ಇದರಲ್ಲಿ ಗಂಡು ಹೆಣ್ಣು ಬೇರೆ ಬೇರೆ, ಹೊರಗಿನಿಂದ ನೋಡಿದರೆ ಗೊತ್ತಾಗದು. ಹಾಗಾಗಿ ಏಳೆಂಟನ್ನು ಒತ್ತೊತ್ತಾಗಿ ಕೂರಿಸುತ್ತಾರೆ. ಗಂಡು ವೀರ್ಯವನ್ನು ಹೊಗೆಯಂತೆ ನೀರಿಗೆ ಬಿಡುತ್ತದೆ, ಹೆಣ್ಣು ಮೊಟ್ಟೆಯನ್ನು ಒಡಲಲ್ಲೇ ಮರಿ ಮಾಡಿ, ಒಂದು ದಿನ ಬಾಯಿಂದ ಉಗುಳುತ್ತದೆ. ರಾಗಿ, ಸಾಸಿವೆ ಕಾಳಿನಂಥ ಹತ್ತಾರು ಮರಿಗಳು! ಅವಕ್ಕೆ ಒಂದು ದಿನದ ಮುಂಚೆಯೇ ಉಪ್ಪುನೀರಲ್ಲಿ ಗಾಳಿ ಗುಳುಗುಳಿಸಿ ಒಡೆಸಿಟ್ಟ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿಯ ಮರಿಗಳೇ ಆಹಾರ. ಹಸಿರು ಅಪ್ಪ, ಕಿತ್ತಳೆ ಅಮ್ಮ ಎಂದರೆ ಮರಿ ಯಾವ ಬಣ್ಣವೆಂದು ಹೇಳಲು ತಿಂಗಳುಗಟ್ಟಲೆ ಬೇಕು.

ಕಡಲಹೂ ಸಾಕುವುದು ಇತ್ತೀಚಿನ ಶೋಕಿಯೂ ಅಲ್ಲ. 1828ರಲ್ಲಿ ಸ್ಕಾಟ್ಲೆಂಡಿನ ಸರ್ ಜಾನ್ ಡಾಲ್ಯೆಲ್ ನಾರ್ತ್ ಬೆರಿಕ್ ತೀರದಿಂದ ತಂದ ಒಂದು ಕೆಂಪು ಕಡಲಹೂ ಎಡಿನ್‌ಬರೋದಲ್ಲಿ ಗಾಜಿನ ಜಾಡಿಯೊಳಗೆ ಬದುಕಿತ್ತು. ಅದೂ ಬಾಯಿಂದ ಮರಿ ಉಗುಳುವ ಜಾತಿ. ನೂರಾರು ಮರಿ ಹಾಕಿತು. ತಂದವರು 1851ರಲ್ಲಿ ತೀರಿಕೊಂಡರು, ಜಾಡಿ ಕೈಯಿಂದ ಕೈಗೆ ದಾಟಿತು. ‘ಅಜ್ಜಿ’ ಎಂದೇ ಹೆಸರಾದ ಅದು ಸತ್ತದ್ದು 1887ರಲ್ಲಿ.

ಕೋಥ್ರೂಡಿನ ಹೂವೂ ಕೈ ದಾಟುತ್ತದೆ. ನಾನು ನೋಡಿದ ಎರಡು ಅರ್ಧಗಳಲ್ಲಿ ಮೀನು ಒಲ್ಲದ ಬಲಗಡೆಯದು ಆರು ವಾರದ ಮೇಲೆ ಹಡಪ್ಸರದ ಒಬ್ಬ ಹುಡುಗನಿಗೆ ಹೋಯಿತು. ಅವನ ತೊಟ್ಟಿಗೆ ಒಂಬತ್ತು ತಿಂಗಳಾಗಿದೆಯೆಂದು ಖಾತ್ರಿ ಮಾಡಿಕೊಂಡೇ ಇವರು ಒಪ್ಪಿದ್ದು. ದುಡ್ಡು ತೆಗೆದುಕೊಳ್ಳಲಿಲ್ಲ, ಮುಂದೆ ಅದು ಒಡೆದರೆ ಒಂದನ್ನು ಇನ್ಯಾರಿಗಾದರೂ ಕೊಡಬೇಕು ಎಂದರು. ಮುದುಡಿ ನಿಂಬೆಗಾತ್ರಕ್ಕೆ ಇಳಿದ ಹೂವನ್ನು ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ ತೊಟ್ಟಿಯ ನೀರಿನೊಂದಿಗೆ ಕಟ್ಟಿ, ಥರ್ಮಾಕೋಲ್ ಡಬ್ಬಿಯಲ್ಲಿಟ್ಟರು. ಹುಡುಗ ಡಬ್ಬಿಯನ್ನು ಸ್ಕೂಟರಿನ ಕಾಲಡಿಯ ಜಾಗದಲ್ಲಿಟ್ಟುಕೊಂಡು, ಎರಡೂ ಮೊಣಕಾಲಿನಿಂದ ಒತ್ತಿ ಹಿಡಿದ. ಮೇಲಿನ ಬಾಲ್ಕನಿಯಿಂದ ಇವರು ಕೂಗಿದರು: “ಸಾವಕಾಶ ಹೋಗಪಾ. ಮುಟ್ಟಿದ ಮ್ಯಾಲೆ ಮೊದಲ ಉಪ್ಪು ನೋಡು, ಆಮ್ಯಾಲೆ ಚೀಲ ಬಿಚ್ಚು.”